ಗೌರೀಶಂಕರ ಕೇರಳಕ್ಕೆ ಹೋಗಿಬಂದದ್ದು

ಗೌರೀಶಂಕರ ಸತ್ತದ್ದು ಸೊಳ್ಳೆ ಕಚ್ಚಿ. ಆದರೂ ಸೊಳ್ಳೆಯ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಅದು ತನ್ನ ಹೊಟ್ಟೆಪಾಡು ನೋಡಿಕೊಂಡಿತು, ಅಷ್ಟೆ. ನನ್ನ ಸಿಟ್ಟೆಲ್ಲ ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳದೆ ಬಾಯಿ ಮುಚ್ಚಿಕೊಂಡವರ ಮೇಲೆ. ಅವರಲ್ಲಿ ಮೊದಲನೆಯವನು ಗೌರೀಶಂಕರನೇ. ಸತ್ತವರನ್ನು ಬಯ್ಯಬೇಡಿ ಎಂದು ನನ್ನ ಹೆಂಡತಿ ಬೈರಮ್ಮ ಗದರುತ್ತಾಳೆ. ಬದುಕಿದ್ದಾಗ ಇಪ್ಪತ್ತೈದು ವರ್ಷ ಬಯ್ದಿದ್ದೇನೆ. ಸತ್ತ ಮಾತ್ರಕ್ಕೆ ಆ ಅಭ್ಯಾಸ ಬಿಡಲು ನನ್ನಿಂದ ಆಗುವುದಿಲ್ಲ.

ನಾನು ಲಕ್ಕಪ್ಪ. ಬನಶಂಕರಿ ಎರಡನೇ ಹಂತದಲ್ಲಿ, ನಮ್ಮಪ್ಪ ದಂಟುಸೊಪ್ಪು ಕೊತ್ತಂಬರಿ ಬೆಳೆಯುತ್ತಿದ್ದ ತುಂಡು ನೆಲದ ಮೇಲೆ ಈಗ ನಮ್ಮದೊಂದು ಕಟ್ಟಡ ನಿಂತಿದೆ. ಕೆಳಗಡೆ ಅಂಗಡಿಗಳು. ಒಂದರಲ್ಲಿ ನಾನು ಪೈಪು, ನಲ್ಲಿ, ಮೊಳೆ ಮಾರುತ್ತೇನೆ. ಪಕ್ಕದ್ದು ಗೌರೀಶಂಕರನ ಫೋಟೋ ಸ್ಟುಡಿಯೋ ಆಗಿತ್ತು. ಅವನು ನನ್ನನ್ನು ಲಕ್ಕಪ್ಪನೋರೆ ಅನ್ನುತ್ತಿದ್ದ, ನಾನು ಅವನನ್ನು ಸ್ವಾಮಿ ಅನ್ನುತ್ತಿದ್ದೆ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಸ್ನೇಹ ಹಾಗೇ ನಡೆದುಕೊಂಡು ಬಂತು.

ಅವನ ಬಂಡವಾಳವೆಲ್ಲ ಪಾಸ್‌ಪೋರ್ಟ್ ಫೋಟೋ. ಸುತ್ತಮುತ್ತಲಿನವರು ಯಾವ ದೇಶಕ್ಕೆ ಹೊರಟರೂ ಮೊದಲು ಇವನ ಸ್ಟೂಲಿನ ಮೇಲೆ ಕೂತು ಎದ್ದೇ ಹೋಗಬೇಕಿತ್ತು. "ಗದ್ದ ಸ್ವಲ್ಪ ಮೇಲೆ, ನಗಬೇಡಿ, ಉಸಿರು ಬಿಡಿ" ಎಂದು ಅವನು ಹೇಳುವುದು ಗೋಡೆಯಾಚೆ ನನ್ನ ಅಂಗಡಿಗೂ ಕೇಳಿಸುತ್ತಿತ್ತು. ಊರಿನವರನ್ನೆಲ್ಲ ವಿಮಾನ ಹತ್ತಿಸಿದ ಮನುಷ್ಯ ತಾನು ಮಾತ್ರ ಬಂಡೀಪುರ, ನಾಗರಹೊಳೆ ಬಿಟ್ಟು ಎಲ್ಲಿಗೂ ಹೋದವನಲ್ಲ. ಕಾಡಿನ ಹುಚ್ಚು ಒಂದಿತ್ತು. ಶನಿವಾರ ಬಂದರೆ ದೊಡ್ಡ ಲೆನ್ಸಿನ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಸ್ಟುಡಿಯೋ ಗೋಡೆಯ ಮೇಲೆ ಮದುಮಕ್ಕಳ ಫೋಟೋಗಳ ಮಧ್ಯೆ ಕೆಸರು ಮೆತ್ತಿಕೊಂಡ ಒಂದು ಒಂಟಿ ಸಲಗ ನಿಂತಿರುತ್ತಿತ್ತು. ಮದುವೆ ಆಲ್ಬಂ ಕೇಳಿಕೊಂಡು ಬಂದವರು ಬೆಚ್ಚಿಬೀಳುತ್ತಿದ್ದರು.

ಆಮೇಲೆ ಅವನ ತಾಯಿಗೆ ಲಕ್ವ ಹೊಡೆಯಿತು. ಶನಿವಾರಗಳು ಅಲ್ಲಿಗೆ ಮುಗಿದವು. ಎಂಟು ವರ್ಷ ಆಕೆ ಮಲಗಿದ್ದಲ್ಲೇ ಇದ್ದರು. ಅವನೇ ಎತ್ತಿ ಕೂರಿಸಿ, ಒರೆಸಿ, ಬಾಯಿಗೆ ಗಂಜಿ ಇಟ್ಟು, ಆಮೇಲೆ ಬಂದು ಅಂಗಡಿ ತೆಗೆಯುತ್ತಿದ್ದ. ಮಕ್ಕಳಿಲ್ಲ. ಹೆಂಡತಿ ಚೂಡಾಮಣಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಟ್ಟುಕೊಂಡು, ಅವನು ಅಂಗಡಿಯಲ್ಲಿದ್ದಷ್ಟು ಹೊತ್ತೂ ಅತ್ತೆಯನ್ನು ನೋಡಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಒಟ್ಟಿಗೆ ಮನೆಯಿಂದ ಹೊರಗೆ ಬಂದದ್ದನ್ನು ಆ ಎಂಟು ವರ್ಷದಲ್ಲಿ ನಾನು ನೋಡಿದ ನೆನಪಿಲ್ಲ.

ಗಿರಿನಗರದಲ್ಲಿ ಅವನ ಅಕ್ಕ ಇದ್ದಾರೆ, ಹಂಸಾ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವರು. ತಂದೆ ಬೇಗ ಹೋದದ್ದರಿಂದ ತಮ್ಮನನ್ನು ಬೆಳೆಸಿದವರೇ ಅವರು. ಮಡಿ, ಮೈಲಿಗೆ, ತಿಥಿ, ಎಲ್ಲ ಕಟ್ಟುನಿಟ್ಟು. ಅವರು ಸ್ಟುಡಿಯೋಗೆ ಬಂದರೆ ಐವತ್ತು ದಾಟಿದ ಗೌರೀಶಂಕರ ಬಾಯಲ್ಲಿದ್ದ ಎಲೆಅಡಿಕೆಯನ್ನು ನುಂಗಿಬಿಡುತ್ತಿದ್ದ. ನಾನು ಈಚೆ ಕೂತು ನಗುತ್ತಿದ್ದೆ.

ಜೆ.ಪಿ. ನಗರದಲ್ಲಿ ಶ್ರೀಕರ್ ಎಂಬ ಹುಡುಗ ಫೋಟೋ ಹುಚ್ಚಿನವರನ್ನೆಲ್ಲ ಕಟ್ಟಿಕೊಂಡು ವರ್ಷಕ್ಕೊಂದು ಪ್ರವಾಸ ನಡೆಸುತ್ತಾನೆ. ಆ ಸಲ ಉಗಾಂಡಾ ಅಂದ. ಆನೆ, ಸಿಂಹ, ಜಿರಾಫೆ, ಕೊನೆಗೆ ಬೆಟ್ಟ ಹತ್ತಿ ಗೊರಿಲ್ಲಾ. ಗೌರೀಶಂಕರ ಹೆಸರು ಕೊಟ್ಟೇಬಿಟ್ಟ. ಗೊರಿಲ್ಲಾ ನೋಡಲು ಆ ದೇಶದ ಸರ್ಕಾರ ದಿನಕ್ಕೆ ಇಷ್ಟೇ ಜನ ಎಂದು ಪರ್ಮಿಟ್ ಕೊಡುತ್ತದಂತೆ, ಅದೂ ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ, ಗೊತ್ತುಮಾಡಿದ ದಿನಕ್ಕೆ. ಅದು ಬಂದ ದಿನ ಕ್ಯಾಮೆರಾದ ಎದುರು ತಾನೇ ಸ್ಟೂಲಿನ ಮೇಲೆ ಕೂತು ವೀಸಾಗೆ ತನ್ನ ಫೋಟೋ ತೆಗೆದುಕೊಂಡ. ಆ ಹತ್ತು ದಿನ ಅಮ್ಮನನ್ನು ತಾನೇ ನೋಡಿಕೊಳ್ಳುತ್ತೇನೆಂದು ಹಂಸಮ್ಮ ಒಪ್ಪಿದ್ದರು. ಆ ದಿನಗಳಲ್ಲಿ ಅವನ ನಡಿಗೆಯೇ ಬೇರೆಯಾಗಿತ್ತು.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ತಾಯಿ ತೀರಿಕೊಂಡರು. ಪ್ರವಾಸವಿದ್ದದ್ದು ಜುಲೈನಲ್ಲಿ.

ಅವರಲ್ಲಿ ತಾಯಿ ಸತ್ತ ಮೇಲೆ ಒಂದು ವರ್ಷ ಮಗ ಕಟ್ಟಿನಲ್ಲಿರಬೇಕು. ತಿಂಗಳು ತಿಂಗಳೂ ಮಾಸಿಕ ಮಾಡಿ ಪಿಂಡ ಇಡಬೇಕು. ವರ್ಷದ ಕಾರ್ಯ ಮುಗಿಯುವತನಕ ಹಬ್ಬವಿಲ್ಲ, ಬೇರೆಯವರ ಮನೆ ಊಟವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಊರು ಸುತ್ತುವುದಂತೂ ಇಲ್ಲವೇ ಇಲ್ಲ, ಸಮುದ್ರ ದಾಟುವುದನ್ನು ಕನಸಿನಲ್ಲೂ ನೆನೆಯಬಾರದು. ಕಟ್ಟು ಮುರಿದವನ ಕೈಯ ಪಿಂಡ ಹೋದವರಿಗೆ ಸೇರುವುದಿಲ್ಲ, ಅವರು ದಾರಿಯಲ್ಲೇ ನಿಂತುಬಿಡುತ್ತಾರೆ. ಇದನ್ನೆಲ್ಲ ನನಗೆ ಹೇಳಿದವನು ಅವನೇ.

"ಹಂಗಾದ್ರೆ ಗೊರಿಲ್ಲಾ ಕತೆ ಏನು ಸ್ವಾಮಿ?" ಎಂದೆ.

"ಹೋಯ್ತು ಬಿಡಿ ಲಕ್ಕಪ್ಪನೋರೆ. ಪರ್ಮಿಟ್ ಬೇರೆಯವರ ಹೆಸರಿಗೂ ಆಗಲ್ಲ, ಮುಂದಕ್ಕೂ ಹೋಗಲ್ಲ."

"ವಿಮಾನ ಮೇಲೆ ಹೋಗತ್ತೆ. ನೀರು ಎಲ್ಲಿ ಮುಟ್ತೀರಿ ನೀವು? ನಿಮ್ ಅಕ್ಕನ್ನ ಒಂದ್ ಮಾತು ಕೇಳಿ ನೋಡಿ."

"ಅಕ್ಕನ್ನ? ಅಯ್ಯೋ, ಸುಮ್ನಿರಿ."

ಅವನು ನಗಲಿಲ್ಲ. ನಾನೂ ಮತ್ತೆ ಆ ಮಾತೆತ್ತಲಿಲ್ಲ. ಜುಲೈ ಬಂತು. ಒಂದು ಬೆಳಿಗ್ಗೆ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದು, ಅಮ್ಮನನ್ನು ಎತ್ತಿ ಎತ್ತಿ ಬೆನ್ನು ಹೋಗಿದೆ, ಪಾಲಕ್ಕಾಡಿನ ಹತ್ತಿರ ಒಂದು ಆಯುರ್ವೇದದ ಜಾಗಕ್ಕೆ ಹೋಗುತ್ತಿದ್ದೇನೆ, ಔಷಧಿಗೆ ಹೋಗುವುದಕ್ಕೆ ಕಟ್ಟಿನ ಅಡ್ಡಿಯಿಲ್ಲ, ಅಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ ಎಂದ. ನಾನು ನಂಬಿದೆ. ಎಂಟು ವರ್ಷ ತಾಯಿಯನ್ನು ಎತ್ತಿ ಇಳಿಸಿದವನಿಗೆ ಬೆನ್ನುನೋವು ಬಂದಿದೆ ಎಂದರೆ ಯಾರು ನಂಬುವುದಿಲ್ಲ? ನನ್ನ ಮಂಡಿಗೂ ಒಂದು ತೈಲ ತರಲು ಹೇಳಿ ಕಳಿಸಿದೆ.

ಕೇರಳದ ಕತೆ ಹೊಸೆದದ್ದು ಅವನಲ್ಲ, ಚೂಡಾಮಣಿಯವರು. ಇದನ್ನು ಅವರೇ ಆಮೇಲೆ ನನಗೂ ಬೈರಮ್ಮನಿಗೂ ಹೇಳಿದರು. ತಾಯಿ ಹೋದ ಮೇಲೆ ಅವನು ಊಟದ ಮಧ್ಯೆ ಕೈ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದನಂತೆ. ಪರ್ಮಿಟ್ಟಿನ ದಿನ ಹತ್ತಿರ ಬಂದ ಹಾಗೆ ಅದು ಇನ್ನೂ ಹೆಚ್ಚಾಯಿತಂತೆ. "ಎಂಟು ವರ್ಷ ಒಂದ್ ದಿನ ಬೇಜಾರು ಮಾಡ್ಕೊಳ್ದೆ ಮಾಡಿದ್ದಾರೆ ಅಣ್ಣ. ಅಷ್ಟು ಮಾಡಿದ ಮಗ ಹತ್ತು ದಿನ ಹೋಗ್ಬಂದ್ರೆ ಯಾವ ದೇವರು ಮುನಿಸ್ಕೋತಾನೆ ಅಂತ ನಾನೇ ತಳ್ಳಿ ಕಳಿಸ್ದೆ. ಒಂದು ಮಾಸಿಕ ಮುಗಿಸಿ ಹೊರಟು, ಇನ್ನೊಂದು ಮಾಸಿಕದ ಹೊತ್ತಿಗೆ ಬಂದ್ಬಿಡಿ, ಅಕ್ಕನ್ನ ನಾನು ನೋಡ್ಕೋತೀನಿ ಅಂದೆ." ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೋದವನು ಅಲ್ಲಿ ಹೇಗಿದ್ದ ಎನ್ನುವುದನ್ನು ಶ್ರೀಕರ್ ಹೇಳಿದ. ಅದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಅಂಗಡಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಊರಲ್ಲಿ ಸ್ನಾನದ ಜೊತೆಗೇ ಎರಡು ಮಂತ್ರ ಗೊಣಗಿ ಸಂಧ್ಯಾವಂದನೆ ಮುಗಿಸುತ್ತಿದ್ದ ಆಸಾಮಿ, ಕಟ್ಟು ಮುರಿದೆನೆಂಬ ಅಳುಕಿಗೆ ಆಫ್ರಿಕಾದಲ್ಲಿ ಎರಡು ಹೊತ್ತೂ ತಪ್ಪಿಸಲಿಲ್ಲವಂತೆ. ವಿಮಾನ ಇಳಿದ ಎಂಟೆಬೆ ಎಂಬ ಊರು ದೊಡ್ಡ ಸರೋವರದ ದಡದಲ್ಲಿದೆ. ಮೊದಲನೆಯ ದಿನವೇ ಹೊತ್ತು ಮುಳುಗುವಾಗ ಶರ್ಟು ಬನಿಯನ್ನು ಬಿಚ್ಚಿಟ್ಟು, ಪಂಚೆ ಉಟ್ಟು, ಬರಿಮೈಯಲ್ಲಿ ನೀರಿನ ಅಂಚಿಗೆ ಹೋಗಿ ಕೂತ. ಉಳಿದವರೆಲ್ಲ ತೋಳು ಮುಚ್ಚುವ ಅಂಗಿ ತೊಟ್ಟು, ಸೊಳ್ಳೆಗೆ ಮುಲಾಮು ಬಳಿದುಕೊಂಡು ಜಗಲಿಯಲ್ಲಿದ್ದರು.

"ಸಾರ್, ಸೊಳ್ಳೆ ಜಾಸ್ತಿ ಇಲ್ಲಿ, ಶರ್ಟ್ ಹಾಕ್ಕೊಂಡು ಮಾಡಿ ಅಂದೆ ಅಂಕಲ್. ಸೊಳ್ಳೆಗೆ ಹೆದರಿ ಅರ್ಘ್ಯ ಬಿಡೋಕಾಗತ್ತೇನಪ್ಪಾ, ಐದೇ ನಿಮಿಷ ಅಂದ್ರು. ಅರ್ಧ ಗಂಟೆ ಕೂತಿದ್ರು."

ಊಟಕ್ಕೆ ಮನೆಯಿಂದ ಒಯ್ದ ಅವಲಕ್ಕಿ, ಅಲ್ಲಿ ಸಿಕ್ಕ ಮೊಸರು, ಬಾಳೆಹಣ್ಣು. ಪ್ರವಾಸದ ಹೋಟೆಲಿನವರು ಬಡಿಸಿದ್ದರಲ್ಲಿ ಈರುಳ್ಳಿ ಇದ್ದೀತೆಂದು ಮುಟ್ಟಲಿಲ್ಲ. ಮಲೇರಿಯಾ ಬಾರದಿರಲೆಂದು ಎಲ್ಲರೂ ನುಂಗುತ್ತಿದ್ದ ದಿನದ ಮಾತ್ರೆಯನ್ನು ಆ ಅರೆಹೊಟ್ಟೆಗೇ ನುಂಗುತ್ತಿದ್ದ. ಎದೆ ಉರಿಯುತ್ತದೆ ಎಂದು ಎರಡು ದಿನ ಬಿಟ್ಟನಂತೆ ಕೂಡ.

ಗೊರಿಲ್ಲಾಗಳಿರುವುದು ಬ್ವಿಂಡಿ ಎಂಬ ದಟ್ಟ ಕಾಡಿನಲ್ಲಿ. ಹತ್ತುವ ಮೊದಲು ಅರಣ್ಯದ ಗೈಡ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾರಿಗಾದರೂ ಜ್ವರ, ಕೆಮ್ಮು, ನೆಗಡಿ ಇದ್ದರೆ ಈಗಲೇ ಹೇಳಿ, ನಮ್ಮ ಕಾಯಿಲೆ ಗೊರಿಲ್ಲಾಗೆ ಬಂದರೆ ಇಡೀ ಸಂಸಾರವೇ ಸತ್ತುಹೋಗುತ್ತದೆ ಎಂದನಂತೆ. ತಂಡದಲ್ಲಿದ್ದ ಹೇಮಶ್ರೀ ಎಂಬಾಕೆ ನೆಗಡಿ ಎಂದು ಒಪ್ಪಿಕೊಂಡು ಕೆಳಗೇ ಉಳಿದು ಅತ್ತರು. ಗೌರೀಶಂಕರ ಅವರ ಹತ್ತಿರ ಹೋಗಿ, "ದೊಡ್ಡ ಮನಸ್ಸು ಮಾಡಿದ್ರಿ ಮೇಡಂ. ಬಚ್ಚಿಟ್ಕೊಂಡು ಬಂದಿದ್ರೆ ಪಾಪ ಆ ಮೂಕಪ್ರಾಣಿಗಳ ಗತಿ ಏನು" ಎಂದು ಸಮಾಧಾನ ಹೇಳಿದನಂತೆ. ಈ ಮಾತು ಕೇಳಿದಾಗ ನನಗೆ ಬಂದ ಕೋಪಕ್ಕೆ ಅವನು ಎದುರಿಗಿದ್ದಿದ್ದರೆ ಕಪಾಳಕ್ಕೆ ಬಿಗಿದೇಬಿಡುತ್ತಿದ್ದೆ.

ಕೆಸರು, ತುರಚೆ ಗಿಡ, ಕೈಯೂರಿ ಹತ್ತುವ ದಿಣ್ಣೆ. ಲಗೇಜು ಹೊರಲು ಬಂದಿದ್ದ ಆ ಊರಿನವನೊಬ್ಬ ಇವನನ್ನೂ ಹಿಂದಿನಿಂದ ತಳ್ಳಿ ತಳ್ಳಿ ಹತ್ತಿಸಿದ. ಕೊನೆಗೆ ಗೈಡ್ ಕತ್ತಿಯಿಂದ ಬಳ್ಳಿ ಸರಿಸಿದಾಗ ಎದುರಿಗೆ ಸಂಸಾರವೇ ಕೂತಿತ್ತು. ಬೆನ್ನು ನರೆತ ದೊಡ್ಡ ಗಂಡು, ಎರಡು ತಾಯಿ ಗೊರಿಲ್ಲಾ, ಅವುಗಳ ಮೈಮೇಲೆ ಉರುಳಾಡುವ ಮರಿಗಳು. ಒಂದು ಗಂಟೆ ಅಷ್ಟೇ ಅವಕಾಶ. ಎಲ್ಲರ ಬಾಯಿಗೂ ಮಾಸ್ಕು, ಮಾತಾಡುವಂತಿಲ್ಲ. ದೊಡ್ಡ ಗಂಡು ತಲೆ ಬಗ್ಗಿಸಿ ಎಲೆ ಕೀಳುತ್ತಿತ್ತು. ಆಗ ಶ್ರೀಕರನ ಪಕ್ಕದಲ್ಲಿ ಮಾಸ್ಕಿನೊಳಗಿಂದ ಪಿಸುದನಿ ಬಂತಂತೆ, "ಗದ್ದ ಸ್ವಲ್ಪ ಮೇಲೆ."

ಇಳಿಯುವಾಗ ಎರಡು ಸಲ ಜಾರಿ ಬಿದ್ದು ಎರಡು ಸಲವೂ ನಕ್ಕನಂತೆ. ಆ ಒಂದು ದಿನ ಗೌರೀಶಂಕರ ಸುಖವಾಗಿದ್ದ. ಅದನ್ನು ನೆನೆದರೆ ಇಷ್ಟೆಲ್ಲ ಆದ ಮೇಲೂ ನನಗೆ ಸಂತೋಷವಾಗುತ್ತದೆ.

ವಾಪಸು ಬಂದವನು ಆಫ್ರಿಕಾವನ್ನೆಲ್ಲ ವಿಮಾನ ನಿಲ್ದಾಣದಲ್ಲೇ ಕಳಚಿಟ್ಟ. ಫೋಟೋಗಳನ್ನು ಶ್ರೀಕರನ ಕೈಗೆ ಕೊಟ್ಟ. ಕೆಸರಿನ ಬೂಟು, ಟೋಪಿ, ಬ್ಯಾಗಿನ ಚೀಟಿ, ಎಲ್ಲ ಕಸದ ಡಬ್ಬಿಗೆ. ಮಾತ್ರೆಯನ್ನು ಬಂದ ಮೇಲೂ ನಾಲ್ಕು ವಾರ ನುಂಗಬೇಕಿತ್ತು, ಅದೂ ಕಸದ ಡಬ್ಬಿಗೆ ಹೋಯಿತು. ಅಕ್ಕ ಬಂದಾಗ ಕಣ್ಣಿಗೆ ಬಿದ್ದು, ಇದೇನು ಮಾತ್ರೆ ಎಂದರೆ ಏನು ಹೇಳುವುದು? ಪ್ರವಾಸದವರ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಬಂದ. ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ತಕ್ಷಣ ಡಾಕ್ಟರಿಗೆ ಉಗಾಂಡಾ ಎಂದು ಹೇಳಿ ಎಂದು ಶ್ರೀಕರ್ ಅದರಲ್ಲಿ ಬರೆದದ್ದನ್ನು ಇವನು ಓದಲೇ ಇಲ್ಲ. ಮನೆಗೆ ಹೋಗುವ ಮುಂಚೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಳಿದು ನನಗೆ ಕೇರಳದ ತೈಲ ಕೊಂಡ. ನಾನು ಅದನ್ನು ಹಚ್ಚಿ ಉಜ್ಜಿಕೊಂಡು ವಾಸಿ ಎಂದೆ.

ಮಾಸಿಕ ಮಾಡಿದ. ಹಂಸಮ್ಮ ಬಂದು ಮುಂದೆ ನಿಂತು ಎಲ್ಲ ಮಾಡಿಸಿದರು. ಅದಾದ ನಾಲ್ಕನೇ ದಿನ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಯಾರನ್ನೋ ಕೂರಿಸಿ ಕ್ಯಾಮೆರಾ ಹಿಡಿದಿದ್ದವನಿಗೆ ನಡುಕ ಬಂತು. ಬೇಸಿಗೆಯಂಥ ಬಿಸಿಲಿನಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ನಾನೇ ಬಾಗಿಲು ಎಳೆದು ಮನೆಗೆ ಬಿಟ್ಟು ಬಂದೆ.

ಮೊದಲ ಮೂರು ದಿನ ಮನೆ ಹತ್ತಿರದ ನರ್ಸಿಂಗ್ ಹೋಮ್. ಪ್ಲೇಟ್‌ಲೆಟ್ ಇಳಿದಿತ್ತು. ಬೆಂಗಳೂರಿನಲ್ಲಿ ಆಗಸ್ಟ್ ತಿಂಗಳಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಅದು ಡೆಂಗ್ಯೂ ಎಂದು ಆಟೋದವನೂ ಹೇಳುತ್ತಾನೆ. ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಸಿಗಲಿಲ್ಲ. ಆದರೂ ಅದರ ಹಾಗೇ ಇದೆ, ನೋಡೋಣ ಎಂದು ಬೇರೇನನ್ನೂ ಹುಡುಕಲಿಲ್ಲ. ಹಂಸಮ್ಮ ಗಿರಿನಗರದಿಂದ ಬಂದು ತಮ್ಮನ ಮನೆಯಲ್ಲೇ ಉಳಿದರು. ಪಪ್ಪಾಯಿ ಎಲೆ ಅರೆದು ರಸ ಕುಡಿಸಿದರು, ಹಣೆಗೆ ಒದ್ದೆ ಬಟ್ಟೆ ಇಟ್ಟರು. ಒಂದು ಗಳಿಗೆ ಅವನ ಪಕ್ಕ ಬಿಟ್ಟು ಏಳಲಿಲ್ಲ. ಅಕ್ಕನ ಆ ಪ್ರೀತಿಯಿಂದಾಗಿಯೇ ಗಂಡ ಹೆಂಡತಿಗೆ ಒಂದು ಮಾತಾಡಲು ಎಡೆ ಸಿಗಲಿಲ್ಲ.

ನಾಲ್ಕನೇ ದಿನ ಕಣ್ಣು ಹಳದಿಯಾಯಿತು. ದೊಡ್ಡ ಆಸ್ಪತ್ರೆಗೆ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆವು. ಮುಂದೆ ಹಂಸಮ್ಮ, ಹಿಂದೆ ಗಂಡ ಹೆಂಡತಿ. ಹಿಂದಿನಿಂದ ಅವನು "ಬೇಡ, ಬೇಡ" ಅನ್ನುವುದು ಕೇಳಿಸಿತು. ಆಸ್ಪತ್ರೆ ಬೇಡ ಅನ್ನುತ್ತಿದ್ದಾನೆ ಎಂದುಕೊಂಡು, "ಸುಮ್ಕಿರಿ ಸ್ವಾಮಿ, ಬಂದೇಬಿಡ್ತು" ಎಂದೆ. ಅವನು ಹೆಂಡತಿಗೆ ಹೇಳುತ್ತಿದ್ದದ್ದು ಬೇರೆ. ಡಾಕ್ಟರಿಗೆ ಹೇಳಿಬಿಡಲೇ ಎಂದು ಆಕೆ ಕಿವಿಯಲ್ಲಿ ಕೇಳಿದ್ದರು. "ಬೇಡ. ಅಕ್ಕನ ಮುಂದೆ ಬೇಡ. ಅಮ್ಮನಿಗೆ ಇಟ್ಟ ಪಿಂಡ ಎಲ್ಲಾ ವ್ಯರ್ಥ ಆಯ್ತು ಅಂತ ಎದೆ ಒಡ್ಕೊಂಡ್ಬಿಡ್ತಾಳೆ. ವರ್ಷದ ಕಾರ್ಯ ಆಗೋಗ್ಲಿ, ನಾನೇ ಕಾಲಿಗೆ ಬಿದ್ದು ಹೇಳ್ತೀನಿ" ಎಂದು ಅವನು ಆಕೆಯ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡ.

ಎಮರ್ಜೆನ್ಸಿಯಲ್ಲಿ ಸುಮೇಧ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಕಣ್ಣಿನ ಕೆಳಗೆ ಕಪ್ಪು, ಆದರೂ ತಾಳ್ಮೆಯಿಂದ ಒಂದೊಂದೇ ಕೇಳಿದರು.

"ಇತ್ತೀಚೆಗೆ ಹೊರಗಡೆ ಎಲ್ಲಾದ್ರೂ ಹೋಗಿದ್ರಾ?"

"ಕೇರಳಕ್ಕೆ ಹೋಗಿದ್ದ. ಬೆನ್ನಿಗೆ ಟ್ರೀಟ್‌ಮೆಂಟು," ಹಂಸಮ್ಮ ಥಟ್ಟನೆ ಹೇಳಿದರು.

"ಸಾರ್, ಹೌದಾ? ಕೇರಳಾನಾ?"

ಗೌರೀಶಂಕರನಿಗೆ ಆಗ ಪೂರ್ತಿ ಪ್ರಜ್ಞೆ ಇತ್ತು. ಅವನು ಅಕ್ಕನ ಮುಖ ನೋಡಿದ. ಆಮೇಲೆ ಡಾಕ್ಟರನ್ನು ನೋಡಿ, "ಹೂಂ. ಪಾಲಕ್ಕಾಡು" ಎಂದ.

ಚೂಡಾಮಣಿಯವರು ಸೆರಗು ಹಿಂಡುತ್ತಾ ನಿಂತಿದ್ದರು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು ಮಾಸ್ಕು ಏರಿಸಿಕೊಂಡರು. ಕೇರಳ, ಜ್ವರ, ತಲೆನೋವು, ವಾಂತಿ. ಇಷ್ಟು ಕೇಳಿದ ಮೇಲೆ ಈಗಿನ ಡಾಕ್ಟರ ತಲೆಗೆ ಮೊದಲು ಬರುವುದು ಬಾವಲಿಯಿಂದ ಬರುವ ನಿಫಾ, ಆಮೇಲೆ ಇಲಿಜ್ವರ. ಅವರನ್ನು ನಾನು ದೂರುವುದಿಲ್ಲ. ಅವರು ಮಾಡಿದ್ದು ಹೇಳಿದ ಊರಿಗೆ ತಕ್ಕ ವೈದ್ಯ. ಅವನನ್ನು ಗಾಜಿನ ಬಾಗಿಲಿನ ಒಂಟಿ ಕೋಣೆಗೆ ಹಾಕಿದರು. ಮೈತುಂಬ ಪ್ಲಾಸ್ಟಿಕ್ ಉಡುಗೆ ತೊಟ್ಟವರು ಮಾತ್ರ ಒಳಗೆ. ನಿಫಾ ಪರೀಕ್ಷೆಯ ಉತ್ತರ ಬರುವವರೆಗೆ ಅವನ ರಕ್ತವನ್ನು ಬೇರೆ ಯಾವುದಕ್ಕೂ ಮುಟ್ಟಲು ಲ್ಯಾಬಿನವರು ಹಿಂದೇಟು ಹಾಕಿದರು. ಇಲ್ಲದ ಕೇರಳದ ಕಾಯಿಲೆಗಾಗಿ ಎಲ್ಲರೂ ಓಡಾಡುತ್ತಿದ್ದರು, ಇದ್ದ ಕಾಯಿಲೆ ಒಳಗೆ ತನ್ನ ಪಾಡಿಗೆ ತಾನು ಅವನ ಮೂತ್ರಪಿಂಡ, ಮಿದುಳು ತಿನ್ನುತ್ತಿತ್ತು.

ಮಾರನೆಯ ದಿನ ಅವನು ಬಡಬಡಿಸಲು ಶುರುಮಾಡಿದ. ಅದರ ಮರುದಿನ ಹೆಂಡತಿಯ ಗುರುತು ಸಿಗಲಿಲ್ಲ. ಮಧ್ಯಾಹ್ನ ಹಂಸಮ್ಮ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ ಬರುತ್ತೇನೆಂದು ಮನೆಗೆ ಹೋಗಿದ್ದರು. ನಾನೂ ಚೂಡಾಮಣಿಯವರೂ ಗಾಜಿನ ಬಾಗಿಲಿನ ಎದುರು ಕೂತಿದ್ದೆವು. ಡಾಕ್ಟರ್ ಸುಮೇಧ ಹೊರಗೆ ಬಂದರು.

"ನಿಫಾ ಅಲ್ಲ. ಡೆಂಗ್ಯೂನೂ ಅಲ್ಲ, ಇಲಿಜ್ವರಾನೂ ಅಲ್ಲ. ಮೇಡಂ, ಚೆನ್ನಾಗಿ ಯೋಚನೆ ಮಾಡಿ ಹೇಳಿ. ಬೇರೆ ಎಲ್ಲೂ ಹೋಗಿರ್ಲಿಲ್ವಾ? ಯಾವ್ದಾದ್ರೂ ಕಾಡು?"

ಆಕೆ ಮೊದಲು ಲಿಫ್ಟಿನ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಉಗಾಂಡಾಕ್ಕೆ ಹೋಗಿದ್ರು. ಗೊರಿಲ್ಲಾ ನೋಡಕ್ಕೆ. ಕೇರಳಕ್ಕೆ ಹೋಗೇ ಇಲ್ಲ."

ಡಾಕ್ಟರ ಮುಖ ನೋಡಲಾಗಲಿಲ್ಲ ನನಗೆ. "ಉಗಾಂಡಾ?" ಎಂದರು. "ಮೊನ್ನೆ ಹೇಳಿದ್ರೆ" ಎಂದು ಬಾಯಿಗೆ ಬಂದದ್ದನ್ನು ಅಲ್ಲೇ ತಡೆದು ಒಳಗೆ ಓಡಿದರು. ಒಂದು ಹನಿ ರಕ್ತ ಸಾಕಾಯಿತು. ಸ್ವಲ್ಪ ಹೊತ್ತಿಗೇ ಹೊರಗೆ ಬಂದು, ಮಲೇರಿಯಾ, ಅದರಲ್ಲೂ ಕೆಟ್ಟ ಜಾತಿಯದು, ರಕ್ತದ ತುಂಬ ಅದೇ ಇದೆ ಎಂದರು. ಔಷಧಿ ಇದೆ, ಒಳ್ಳೆಯ ಔಷಧಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಎದ್ದು ಓಡಾಡುತ್ತಾರೆ ಎಂದರು. ಆ "ಹೊತ್ತಿಗೆ ಸರಿಯಾಗಿ" ಎನ್ನುವ ಮಾತನ್ನು ಅವರು ಬೇಕೆಂದು ಹೇಳಲಿಲ್ಲ, ಬಾಯಿ ಜಾರಿ ಬಂತು.

ನನಗೂ ಆಗಲೇ ಗೊತ್ತಾದದ್ದು. ಕಾರಿನಲ್ಲಿ ಅವನು ಹಾಕಿಸಿಕೊಂಡ ಆಣೆಯ ವಿಷಯವನ್ನೂ ಚೂಡಾಮಣಿಯವರು ಆಗಲೇ ಹೇಳಿದರು. ಆಸ್ಪತ್ರೆ ಅನ್ನುವುದನ್ನೂ ನೋಡದೆ ಆಕೆಯ ಮೇಲೆ ರೇಗಿದೆ. "ಏನಮ್ಮಾ ನೀವು! ಆಣೆ ಹೆಚ್ಚೋ ಆಳು ಹೆಚ್ಚೋ?" ಎಂದೆ. ಆಕೆ ಅಳಲೂ ಇಲ್ಲ. "ಬರೀ ಜ್ವರ ಅಂದ್ಕೊಂಡೆ ಅಣ್ಣ. ಜ್ವರಕ್ಕೆ ಔಷಧಿ ಕೊಡ್ತಾರೆ, ಯಾವ ಊರಾದ್ರೇನು ಅಂದ್ಕೊಂಡೆ. ಮಾತು ಆಡಿಬಿಟ್ರೆ ಅಕ್ಕ ಇವರ ಮುಖ ನೋಡಲ್ಲ, ಇವರು ಅದನ್ನ ತಡ್ಕೊಳ್ಳಲ್ಲ. ನಂಗೆ ಅದೊಂದೇ ಹೆದರಿಕೆ ಇದ್ದಿದ್ದು." ನಾನು ನೀರಿನ ಬಾಟಲಿ ತೆಗೆದು ಆಕೆಯ ಕೈಗೆ ಕೊಟ್ಟೆ. ಇಷ್ಟೂ ದಿನ ಆಕೆ ಹೆದರಿ ಕೂತಿದ್ದದ್ದು ಹೆದರಬಾರದ್ದಕ್ಕೆ.

ಔಷಧಿ ಹಾಕಿದರು, ಡಯಾಲಿಸಿಸ್ ಮಾಡಿದರು. ಎರಡು ದಿನ ಅವನ ಎದೆ ಯಂತ್ರದ ಲೆಕ್ಕಕ್ಕೆ ಏರಿಳಿಯಿತು. ಶುಕ್ರವಾರ ಬೆಳಿಗ್ಗೆ ನಿಂತಿತು. ಐವತ್ತೆಂಟು ವರ್ಷ.

ಹಂಸಮ್ಮನಿಗೆ ವಿಷಯವನ್ನು ಡಾಕ್ಟರೇ ಹೇಳಬೇಕಾಯಿತು. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಒಂದು ಅಕ್ಷರ ಮಾತಾಡಲಿಲ್ಲ. ಹೆಣ ಮನೆಗೆ ಬಂತು, ಸುಡುಗಾಡಿ​ಗೆ ಹೋಯಿತು, ಅವರ ಮಗ ಮಾವನಿಗೆ ಬೆಂಕಿ ಇಟ್ಟ. ಬಂದವರು ಏನಾಯಿತು ಎಂದು ಕೇಳಿದರೆ ಹಂಸಮ್ಮನೇ ಮುಂದೆ ಬಂದು ಡೆಂಗ್ಯೂ ಎನ್ನುತ್ತಿದ್ದರು. ಚೂಡಾಮಣಿಯವರು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ಅತ್ತಿಗೆ ನಾದಿನಿ ಹನ್ನೆರಡು ದಿನ ಒಂದೇ ಮನೆಯಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೈರಮ್ಮ ಹಾಲು ತರಕಾರಿ ಕೊಡಲು ಹೋದವಳು, ಆ ಮನೆಯಲ್ಲಿ ಉಸಿರು ಕಟ್ಟುತ್ತೆ ಕಣ್ರೀ ಎಂದು ಬಂದು ಅತ್ತಳು.

ಹದಿಮೂರನೆಯ ದಿನದ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಪೂಜೆ ಮುಗಿದಿತ್ತು. ನಡುಮನೆಯಲ್ಲಿ ಎಲೆ ಹಾಕುತ್ತಿದ್ದರು. ಕಾರ್ಯ ಮಾಡಿಸಿದ ಶಾಸ್ತ್ರಿಗಳು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ತಾಯಿಯ ಮಾಸಿಕಗಳನ್ನು ಮಾಡಿಸುತ್ತಿದ್ದವರೂ ಇವರೇ, ಬಹಳ ಕಾಲದಿಂದ ಆ ಮನೆಯವರು. ಯಾರೋ ದೂರದ ನೆಂಟರು ಹಂಸಮ್ಮನ ಹತ್ತಿರ ಬಂದು, "ಡೆಂಗ್ಯೂಗೆ ಇಷ್ಟು ಬೇಗ ಹೋಗ್ಬಿಟ್ನಾ?" ಎಂದರು.

"ಹೂಂ, ಡೆಂಗ್ಯೂ. ಕೇರಳದಿಂದ ಬರ್ತಾನೇ..." ಎಂದು ಹಂಸಮ್ಮ ಶುರುಮಾಡಿದರು.

"ಡೆಂಗ್ಯೂ ಅಲ್ಲ."

ಅಡುಗೆಮನೆಯ ಬಾಗಿಲಲ್ಲಿ ಚೂಡಾಮಣಿಯವರು ನಿಂತಿದ್ದರು. ದನಿ ಜೋರಾಗಿಯೇನೂ ಇರಲಿಲ್ಲ. ಆದರೆ ಎಲೆ ಹಾಕುತ್ತಿದ್ದವರೂ ನಿಂತುಬಿಟ್ಟರು.

"ಮಲೇರಿಯಾ. ಕೇರಳಕ್ಕೆ ಅವರು ಹೋಗೇ ಇಲ್ಲ. ಉಗಾಂಡಾಕ್ಕೆ ಹೋಗಿದ್ರು, ಅತ್ತೆ ಸತ್ತ ವರ್ಷದಲ್ಲೇ ಹೋಗಿದ್ರು, ನಾನೇ ಕಳಿಸಿದ್ದೆ. ಡಾಕ್ಟರಿಗೆ ಹೇಳಿದ್ರೆ ಬದುಕ್ತಿದ್ರು. ಹೇಳ್ಲಿಲ್ಲ."

ಹಂಸಮ್ಮ ಗೋಡೆಗೆ ಒರಗಿದರು. ಇಷ್ಟು ದಿನ ಒಳಗೇ ಕೊರೆಯುತ್ತಿದ್ದದ್ದು ಆಗ ಅವರ ಬಾಯಿಂದ ಹೊರಗೆ ಬಂತು. ಕೇಳಿದ್ದು ನಾದಿನಿಯನ್ನಲ್ಲ, ಶಾಸ್ತ್ರಿಗಳನ್ನು.

"ಶಾಸ್ತ್ರಿಗಳೇ, ಸಮುದ್ರ ದಾಟಿ ಬಂದ ಕೈಲಿ ಮಾಡಿದ್ದು ಆ ಮಾಸಿಕ. ನಮ್ಮಮ್ಮನಿಗೆ ಸೇರ್ತೋ ಇಲ್ವೋ?"

ಶಾಸ್ತ್ರಿಗಳು ಒರೆಸಿಕೊಳ್ಳುತ್ತಿದ್ದ ವಸ್ತ್ರವನ್ನು ಕೆಳಗಿಟ್ಟರು. ಅವರ ಕಣ್ಣಲ್ಲೂ ನೀರಿತ್ತು. "ಸೇರದೆ ಏನಮ್ಮ? ಎಂಥಾ ಮಗ ಅವನು! ಇದಕ್ಕಾ ಅವನು ಹೆದರಿದ್ದು? ಬಂದ ದಿನ ನನಗೊಂದು ಫೋನ್ ಮಾಡಿದ್ರೆ ಸಾಕಾಗಿತ್ತು. ಸ್ನಾನ ಮಾಡಿಸಿ, ಜನಿವಾರ ಬದಲಾಯಿಸಿ, ಪಂಚಗವ್ಯ ಕೊಟ್ಬಿಡ್ತಿದ್ದೆ. ದೋಷ ಅಲ್ಲಿಗೆ ಕಳೀತು. ನಾನೇ ಹೋದ ವರ್ಷ ಗೃಹಪ್ರವೇಶ ಮಾಡ್ಸಕ್ಕೆ ಸಿಂಗಪುರಕ್ಕೆ ಹೋಗಿ ಬಂದು ಅದನ್ನೇ ಮಾಡ್ಕೊಂಡೆ. ಯಾರಿಗೂ ಗೊತ್ತೂ ಆಗ್ತಿರಲಿಲ್ಲ."

"ನನ್ನ ಕೇಳ್ಬಾರ್ದಿತ್ತೇನೋ ನೀನು," ಎಂದು ಹಂಸಮ್ಮ ಗೋಡೆಯ ಮೇಲಿದ್ದ ತಮ್ಮನ ಫೋಟೋ ನೋಡಿ ಹೇಳಿದರು. "ಬಯ್ತಿದ್ದೆ. ಬಯ್ದು ನಾನೇ ಶಾಸ್ತ್ರಿಗಳಿಗೆ ಫೋನ್ ಮಾಡ್ತಿದ್ದೆ." ಹೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚೂಡಾಮಣಿಯವರು ಮಾತ್ರ ಶಾಸ್ತ್ರಿಗಳನ್ನೇ ನೋಡುತ್ತಿದ್ದರು.

"ಅದಕ್ಕೆಲ್ಲಾ ಎಷ್ಟು ಹೊತ್ತು ಹಿಡೀತಿತ್ತು?"

"ಎಲ್ಲಾ ಸೇರಿ ಒಂದು ಅರ್ಧ ಗಂಟೆ ಅಮ್ಮಾ."

ಆಕೆ ತಲೆಯಾಡಿಸಿದರು. ಬಡಿಸಲು ತಂದಿದ್ದ ಪಾತ್ರೆ ಕೈಯಲ್ಲೇ ಇತ್ತು. ಅದನ್ನು ನೆಲಕ್ಕಿಟ್ಟರು.

"ಜ್ವರ ಬಂದ್ಮೇಲೂ ಒಂದು ವಾರ ಇದ್ರು ಅವರು," ಎಂದರು. "ಅರ್ಧ ಗಂಟೆ ಸಿಕ್ಕಿರೋದು."